ಲೆಂಟ್ ಉಪವಾಸದ ಹಾಲು

ಭಾಲ್ಕಿಯ ನಿವೃತ್ತ ನರ್ಸ್ ಪ್ರಿಸಿಲ್ಲಾಬಾಯಿ ಪ್ರಾರ್ಥನೆಯನ್ನು ತಪ್ಪಿಸಿದವಳಲ್ಲ, ಸೇಡನ್ನು ಮರೆತವಳೂ ಅಲ್ಲ. ಅವಳು ಚೊಚ್ಚಲ ಬಸುರಿಯಾಗಿದ್ದಾಗ ಗಂಡನ ಅತ್ತಿಗೆ ಯೂನೀಸಬಾಯಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಲೆಂಟ್ ಉಪವಾಸದ ನೆಪ ಹೇಳಿ ಹಾಲಿನ ಗಡಿಗೆಯನ್ನು ಬೀಗದಲ್ಲಿಟ್ಟಿದ್ದಳು. ಬೆನ್ನು ಬಾಗಿದಂತೆಲ್ಲ ಆ ಸಿಟ್ಟು ಪ್ರಿಸಿಲ್ಲಾಳ ಎದೆಯಲ್ಲಿ ನೆಟ್ಟಗೆ ನಿಂತಿತು.

ಈ ಸಲದ ಉಪವಾಸದ ದಿನಗಳಲ್ಲೇ ಯೂನೀಸಬಾಯಿ ಅಂಗಳದಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡಳು. ಬೀದರಿನಲ್ಲಿ ಆಪರೇಷನ್ ಆಯಿತು. "ಎಲುಬಿನ್ಯಾಗ ಕ್ಯಾಲ್ಸಿಯಂ, ರಂಜಕ ಎಲ್ಲಾ ಇಳದಾವ. ಔಷಧದ ಸಂಗಾಟ ದಿನಾ ಹಾಲು ಕುಡಿಸ್ರಿ," ಎಂದರು ಡಾಕ್ಟರರು. ಆರೈಕೆ ಪ್ರಿಸಿಲ್ಲಾಳ ಪಾಲಿಗೆ ಬಂತು. ಅವಳು ಗುಳಿಗೆಯನ್ನು ವೇಳೆಗೆ ಸರಿಯಾಗಿ ಕೊಟ್ಟಳು. ಹಾಲಿನ ಬದಲು ತೆಳ್ಳನೆಯ ಅಂಬಲಿ ಇಟ್ಟಳು.

"ಹಾಲೆಲ್ಲಿ?"

"ಲೆಂಟ್ ನಡದದಲ್ರಿ ಅಕ್ಕಾ. ನೀವೇ ಕಲಿಸಿದ ನೇಮ."

"ಬ್ಯಾನಿ ಬಿದ್ದಾಕಿಗೂ ನೇಮ ಏನು?"

"ಬಸುರಿಗೆ ಇತ್ತಲ್ರಿ."

ಯೂನೀಸಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದು ಪಾತ್ರೆ ತೊಳೆಯುತ್ತ ಪ್ರಿಸಿಲ್ಲಾ ಕೀರ್ತನೆ ಹಾಡಿದಳು.

ವಾರ ಕಳೆದ ಮೇಲೆ ಚರ್ಚಿನ ಸಭಾಪಾಲಕರು ರೋಗಿಗೆ ಕರ್ತನ ಭೋಜನದ ಪವಿತ್ರ ರೊಟ್ಟಿ ಕೊಡಲು ಮನೆಗೆ ಬಂದರು. ಮನಸ್ತಾಪ ಇಟ್ಟುಕೊಂಡವರು ಆ ರೊಟ್ಟಿ ತಿನ್ನುವಂತಿಲ್ಲ; ಅದಕ್ಕೇ ಮುರಿಯುವ ಮೊದಲು ಪದ್ಧತಿಯಂತೆ ಕೇಳಿದರು: "ಮನಿಯೊಳಗ ಯಾರಿಗೂ ಯಾರ ಮ್ಯಾಲೂ ಮನಸ್ತಾಪ ಇಲ್ಲಲ್ರಿ?"

ಈಗ ಮುದುಕಿ ದೂರು ಹೇಳುತ್ತಾಳೆಂದು ಪ್ರಿಸಿಲ್ಲಾ ಉತ್ತರ ಸಿದ್ಧಮಾಡಿಕೊಂಡಿದ್ದಳು.

"ನನಗೇನಿಲ್ರಿ. ಛಲೋ ನೋಡ್ಕೋತಾಳ," ಎಂದಳು ಯೂನೀಸಬಾಯಿ.

ಸಭಾಪಾಲಕರು ರೊಟ್ಟಿ ಮುರಿದರು. ಅದಕ್ಕೆ ಚಾಚಿದ್ದ ಕೈಯನ್ನು ಪ್ರಿಸಿಲ್ಲಾ ಹಿಂದಕ್ಕೆ ತೆಗೆದುಕೊಂಡಳು. "ನನಗ ಮನಸ್ತಾಪ ಅದರಿ. ತಡೀರಿ," ಎಂದು ಒಳಗೆ ಹೋಗಿ ಹಾಲು ಕಾಯಿಸಿ ತಂದು ಯೂನೀಸಬಾಯಿಯ ಬಾಯಿಗೆ ಹಿಡಿದಳು.

"ನಾ ನಿಮಗ ಮಾಫ್ ಮಾಡಿಲ್ರಿ ಅಕ್ಕಾ. ಮೊದಲು ಎಲುಬು ಕೂಡಲಿ. ನೀವು ಎದ್ದು ನಿಂತ ಮ್ಯಾಲೆ ಎದುರಾಎದುರು ಜಗಳ ಆಡೂಣು."