ಪಾಲಬಾವಿ ಸುಂದರಾಬಾಯಿಯ ತೇಲುವ ರೈಲು

ಸುಂದರಾಬಾಯಿಯ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಕೆ ಕೂಗಾಡುವವಳಲ್ಲ, ಪಾತ್ರೆ ಎಸೆಯುವವಳಲ್ಲ. ಸಿಟ್ಟು ಬಂದರೆ ಸೆರಗನ್ನು ಸೊಂಟಕ್ಕೆ ಬಿಗಿದು ಕೆಲಸಕ್ಕೆ ನಿಲ್ಲುತ್ತಾಳೆ. ಆ ಕೆಲಸ ಮುಗಿಯುವ ತನಕ ಯಾರಪ್ಪನಿಗೂ ಜಗ್ಗುವುದಿಲ್ಲ. ಪಾಲಬಾವಿಯಿಂದ ರಾಯಬಾಗಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರನಿಗೂ ಇದು ಗೊತ್ತು. ಒಮ್ಮೆ ಆತ ಆಕೆಯನ್ನು ಸೀಟಿನಿಂದ ಎಬ್ಬಿಸಿ ಯಾರೋ ದೊಡ್ಡ ಮನುಷ್ಯರನ್ನು ಕೂರಿಸಲು ನೋಡಿದ್ದ. ಆಕೆ ಕಿಟಕಿಯಾಚೆಯ ಕಬ್ಬು ನೋಡುತ್ತ ಕೂತಳು. ದೊಡ್ಡ ಮನುಷ್ಯರು ರಾಯಬಾಗದವರೆಗೆ ನಿಂತೇ ಬಂದರು.

ಆಕೆ ಹುಟ್ಟಿದ್ದು ಕೂಲಿಯವರ ಮನೆಯಲ್ಲಿ, ಬೌದ್ಧರಾದ ದಲಿತರ ಓಣಿಯಲ್ಲಿ. ಕಂಡವರ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಲೇ ಹತ್ತನೇ ಇಯತ್ತೆ ಪಾಸು ಮಾಡಿದಳು. ಗಂಡ ಲಗಮಪ್ಪ ಕಾಂಬಳೆ ರಾಯಬಾಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಆಗಿದ್ದ. ಎದೆನೋವೆಂದು ಮಲಗಿದವನು ಮೂರನೇ ದಿನ ಇರಲಿಲ್ಲ. ಮಡಿಲಲ್ಲಿ ಏಳು ವರ್ಷದ ಮಗಳು ಸ್ನೇಹಲ. ಅನುಕಂಪದ ಆಧಾರದ ಮೇಲೆ ಅದೇ ಕೆಲಸ ಸುಂದರಾಬಾಯಿಗೆ ಸಿಕ್ಕಿತು. ಕಸ ಹೊಡೆಯುವುದು, ಮೇಜು ಒರೆಸುವುದು, ನೀರು ತುಂಬುವುದು ಎಂದು ಆದೇಶದಲ್ಲಿತ್ತು. ಆದರೆ ಕಣ್ಣು ಮುಚ್ಚಿಕೊಂಡು ಮೇಜು ಒರೆಸಲಿಕ್ಕಾಗುತ್ತದೆಯೇ? ಮೇಜಿನ ಮೇಲಿದ್ದುದನ್ನೆಲ್ಲ ಆಕೆ ನೋಡಿದಳು, ಹುಡುಗರು ಬಿಟ್ಟು ಹೋದ ಹಳೆಯ ಪುಸ್ತಕ ಓದಿದಳು, ಕೇಳಬೇಕಾದ್ದನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡಳು.

ಇಪ್ಪತ್ತಾರು ವರ್ಷಗಳಲ್ಲಿ ಆ ಪ್ರಯೋಗಾಲಯ ಆಕೆಗೆ ಬಾಯಿಪಾಠವಾಯಿತು. ಯಾವ ಮೀಟರಿನ ಮುಳ್ಳು ಸುಳ್ಳು ಹೇಳುತ್ತದೆ, ಯಾವ ಲೋಲಕದ ದಾರ ಹಿಗ್ಗಿದೆ, ಯಾವ ಮಸೂರದ ಅಂಚು ಒಡೆದಿದೆ, ಎಲ್ಲ ಗೊತ್ತು. ಬೆಳಿಗ್ಗೆ ಪ್ರಯೋಗಗಳನ್ನೆಲ್ಲ ಹೂಡಿ, ಉತ್ತರ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ತಾನೇ ಒಂದು ಸಲ ಮಾಡಿ ನೋಡುವಳು. ಆಮೇಲೆ ಗಂಟೆಯಾಗಿ ಪ್ರಾಧ್ಯಾಪಕರು ಬಂದರೆಂದರೆ ಆಕೆ ಹೊರಗೆ. ಅದು ಅಲ್ಲಿಯ ರಿವಾಜು. ಯಾರು ಮಾಡಿದ್ದೋ, ಯಾಕೆ ಮಾಡಿದ್ದೋ, ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಒಳಗೆ ಹುಡುಗರು ಬಂತು ಬಂತು ಎಂದು ಖುಷಿಪಡುವುದು ಆಕೆಗೆ ಗೋಡೆಯ ಈಚೆ ಕೇಳಿಸುತ್ತಿತ್ತು. ತಾನು ಹೂಡಿದ್ದು ನಾಲ್ಕು ಜನರ ಕಣ್ಣೆದುರು ನಡೆಯುವಾಗ ಮೇಜಿನ ಹತ್ತಿರ ನಿಲ್ಲಬೇಕು, ಒಂದೇ ಒಂದು ಸಲ. ಇಷ್ಟೇ ಆಕೆಯ ಆಸೆ. ನಿವೃತ್ತಿಗೆ ಎಂಟು ತಿಂಗಳು ಉಳಿದಾಗ ಆ ಆಸೆ ಹಟವಾಯಿತು.

ಆಗ ಬಂದದ್ದು ಆ ಕರಿ ಬಿಲ್ಲೆ. ಭೌತಶಾಸ್ತ್ರದ ಮುಖ್ಯಸ್ಥರಾದ ತಾತ್ಯಾಸಾಹೇಬ ಸರ್ ಅದನ್ನು ಹತ್ತಿಯಲ್ಲಿ ಸುತ್ತಿದ ಡಬ್ಬಿಯಿಂದ ತೆಗೆದು ಎಲ್ಲರಿಗೂ ತೋರಿಸಿದರು. ಚಿಕ್ಕೋಡಿಯಲ್ಲಿ ನಡೆಯಲಿದ್ದ ವಿಜ್ಞಾನ ಪ್ರದರ್ಶನಕ್ಕೆ ಈ ಸಲ ಗಾಳಿಯಲ್ಲಿ ತೇಲುವ ರೈಲು ಎಂದು ಅವರು ಮಾತು ಕೊಟ್ಟು ಬಂದಿದ್ದರು. ಬಿಲ್ಲೆ ನೋಡಿದರೆ ಸುಟ್ಟ ಬಿಸ್ಕಿಟಿನಂತಿತ್ತು. ಆದರೆ ಅದನ್ನು ಮೈನಸ್ ನೂರಾ ಎಂಬತ್ತು ಡಿಗ್ರಿಗಿಂತ ಕೆಳಗೆ ತಣಿಸಿದರೆ ಅದು ವಿದ್ಯುತ್ತಿಗೆ ತಡೆಯೇ ಒಡ್ಡದ ಅತಿವಾಹಕವಾಗುತ್ತದೆ, ಅಯಸ್ಕಾಂತದ ಬಲವನ್ನು ಹಿಡಿದುಕೊಂಡು ಏನನ್ನೂ ಮುಟ್ಟದೆ ಮೇಲೆ ನಿಲ್ಲುತ್ತದೆ. ಬೇರೆ ಕೆಲವು ತೇಲುವ ರೈಲುಗಳಿಗೆ ಎತ್ತರ ಕಾಯಲು ಕ್ಷಣಕ್ಷಣಕ್ಕೂ ವಿದ್ಯುತ್ತಿನ ಕಾವಲು ಬೇಕು, ಇದಕ್ಕೆ ಬೇಡ, ತಣ್ಣಗಿದ್ದರೆ ಸಾಕು. ಚೀನಾದಲ್ಲಿ ಇಂಥ ಗಾಡಿಯ ಮಾದರಿಯನ್ನೇ ಕಟ್ಟಿದ್ದಾರೆ ಎಂದು ಸರ್ ಹುಡುಗರಿಗೆ ಹೇಳಿದ್ದನ್ನು ಸುಂದರಾಬಾಯಿ ಬಾಗಿಲಾಚೆಯಿಂದ ಕೇಳಿಸಿಕೊಂಡಳು.

ಇಷ್ಟು ಥಂಡಿ ರಾಯಬಾಗದಲ್ಲಿ ಎಲ್ಲಿ ಸಿಗಬೇಕು? ತಾತ್ಯಾಸಾಹೇಬರು ಬೆಳಗಾವಿ, ಪುಣೆ ಎಂದು ಫೋನು ಹಚ್ಚುತ್ತ ಕೂತರು. ಸುಂದರಾಬಾಯಿ ನಕ್ಕಳು. ಕೃತಕ ಗರ್ಭಧಾರಣೆ ಮಾಡುತ್ತ ಊರೂರಿನ ದನದ ಕೊಟ್ಟಿಗೆಗೆ ಹೋಗುವ ಹಾಲಸಿದ್ದನ ಬೈಕಿಗೆ ಕಟ್ಟಿದ ಕ್ಯಾನಿನಲ್ಲಿ ಇರುವುದೇ ಮೈನಸ್ ನೂರಾ ತೊಂಬತ್ತಾರು ಡಿಗ್ರಿಯ ದ್ರವ ಸಾರಜನಕ. ಆಕಳು, ಎಮ್ಮೆ ಗಬ್ಬ ಕಟ್ಟಿಸಲು ಹೋರಿಯ, ಕೋಣದ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಮುಳುಗಿಸಿ ಇಡುತ್ತಾರೆ. ಪಾಲಬಾವಿಯಲ್ಲಿ ಎಮ್ಮೆ ಇದ್ದವರೆಲ್ಲ ಆ ಕ್ಯಾನು ಬಿಚ್ಚಿದಾಗ ಏಳುವ ಬಿಳಿ ಹೊಗೆ ನೋಡಿದವರೇ. ಈ ಮಾತನ್ನು ಸರ್‌ಗೆ ಆಕೆಯೇ ಹೇಳಿದಳು. ಸರ್ ಮೂಗು ಮುರಿದರು, ಆದರೆ ಫೋನು ಕೆಳಗಿಟ್ಟರು.

ಹಾಲಸಿದ್ದನಿಗೆ ಆಕೆ ಬಿಲ್ಲೆಯ ಕತೆಯನ್ನೆಲ್ಲ ಹೇಳಿದಳು. ಮೊದಲಿನ ಅತಿವಾಹಕಗಳಿಗೆ ಇನ್ನೂ ಎಷ್ಟೋ ಹೆಚ್ಚು ಥಂಡಿ ಬೇಕಿತ್ತಂತೆ, ಅವುಗಳ ಮುಂದೆ ಇದು ಬಿಸಿಯಂತೆ, ಹಾಗಾಗಿ ಉನ್ನತ ತಾಪದ ಅತಿವಾಹಕ ಎಂದು ಹೆಸರಂತೆ.

“ಮೈನಸ್ ನೂರಾ ಎಂಬತ್ತಕ್ಕ ಬಿಸಿ ಅಂತಾರ ತಮ್ಮಾ, ಹಂಗಾದ್ರ ನಮ್ಮ ಎಪ್ರಿಲ್ ಬಿಸಲಿಗೆ ಏನ ಅನ್ನೂದು?” ಎಂದಳು. ಹಾಲಸಿದ್ದ ಬೈಕು ನಿಲ್ಲಿಸಿಕೊಂಡು ನಕ್ಕ.

ರೈಲಿಗೆ ಹಳಿ ಬೇಕಲ್ಲ. ಬೆರಳಿನ ಉಗುರಿನಷ್ಟಗಲದ ಅಯಸ್ಕಾಂತಗಳು ಮುನ್ನೂರು ಬಂದಿದ್ದವು. ಅವುಗಳನ್ನು ಪ್ಲೈವುಡ್ಡಿನ ಮೇಲೆ ಮೊಟ್ಟೆಯಾಕಾರದಲ್ಲಿ ಅಂಟಿಸುವ ಕೆಲಸ ಸುಂದರಾಬಾಯಿಗೇ ಬಂತು. ಸರ್ ಒಂದು ಚಿತ್ರ ಬರೆದು ಕೊಟ್ಟು ಹೋದರು, ಆಮೇಲೆ ಆ ಕಡೆ ಸುಳಿಯಲಿಲ್ಲ. ಚಿತ್ರದಲ್ಲಿ ಹಳಿಯ ಆಕಾರವಿತ್ತು, ಯಾವ ಧ್ರುವ ಎತ್ತ ಎಂದು ಇರಲಿಲ್ಲ. ಇಲ್ಲಿ ಆಕೆ ತಪ್ಪಿದಳು. ತಪ್ಪಿದ್ದು ಕೆಲಸ ಗೊತ್ತಿಲ್ಲದೆ ಅಲ್ಲ, ಹಳೆಯ ಕೆಲಸ ಕೈಗೆ ಅತಿಯಾಗಿ ಗೊತ್ತಿದ್ದರಿಂದ. ಪ್ರಯೋಗಾಲಯದ ಅಯಸ್ಕಾಂತದ ಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ಇಡುವಾಗ ಒಂದರ ಉತ್ತರದ ಪಕ್ಕಕ್ಕೆ ಇನ್ನೊಂದರ ದಕ್ಷಿಣ ಬರಬೇಕು. ಹಾಗಿಟ್ಟರೆ ಅವು ಶಕ್ತಿ ಕಳೆದುಕೊಳ್ಳುವುದಿಲ್ಲ. ಲಗಮಪ್ಪ ಹಾಗೇ ಇಡುತ್ತಿದ್ದ, ಆಕೆಯೂ ಇಪ್ಪತ್ತಾರು ವರ್ಷ ಹಾಗೇ ಇಟ್ಟಿದ್ದಳು. ಕೈ ತಾನಾಗಿಯೇ ಹಳಿಯುದ್ದಕ್ಕೂ ಒಂದು ಉತ್ತರ, ಒಂದು ದಕ್ಷಿಣ ಎಂದು ಜೋಡಿಸುತ್ತ ಹೋಯಿತು. ಅಯಸ್ಕಾಂತಗಳೂ ಕಟಕಟ ಎಂದು ಒಂದಕ್ಕೊಂದು ಕೂಡಿಕೊಂಡು ಚೆಂದವಾಗಿ ಕೂತವು.

ರೈಲು ಓಡಿಸಿ ನೋಡುವ ದಿನ ಪ್ರಾಚಾರ್ಯರು, ಆಡಳಿತ ಮಂಡಳಿಯ ಇಬ್ಬರು, ಎಲ್ಲ ಬಂದರು. ಥರ್ಮೊಕೋಲಿನ ಪುಟ್ಟ ದೋಣಿಯಂಥ ಡಬ್ಬಿಯಲ್ಲಿ ಬಿಲ್ಲೆ ಇಟ್ಟು, ಹಳಿಗೂ ಅದಕ್ಕೂ ನಡುವೆ ಬೆರಳು ದಪ್ಪದ ಕಟ್ಟಿಗೆ ಕೊಟ್ಟು, ಸರ್ ಸಾರಜನಕ ಸುರಿದರು. ಹೊಗೆ ಎದ್ದಿತು. ಕಟ್ಟಿಗೆ ಎಳೆದು ತೆಗೆದರು. ಡಬ್ಬಿ ಗಾಳಿಯಲ್ಲೇ ನಿಂತಿತು. ಎಲ್ಲರೂ ಹಾ ಎಂದರು. ಸರ್ ಬೆರಳಿನಿಂದ ನೂಕಿದರು. ಅದು ಅಲುಗಾಡಿ ಮತ್ತೆ ಅಲ್ಲೇ ನಿಂತಿತು. ಜೋರಾಗಿ ನೂಕಿದರು, ಹಟಮಾರಿ ಎಮ್ಮೆಯ ಹಾಗೆ ಒಂದಿಂಚು ಜಗ್ಗಿ ಹಿಂದಕ್ಕೆ ಬಂತು. ಮಂಡಳಿಯವರಲ್ಲಿ ಒಬ್ಬರು ಇದು ರೈಲೋ, ರೈಲ್ವೆ ಸ್ಟೇಶನ್ನೋ ಎಂದು ಕೇಳಿದರು. ಎಲ್ಲರೂ ನಕ್ಕರು.

ಸುಂದರಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾತ್ಯಾಸಾಹೇಬರ ಮುಖ ಕೆಂಪಾಗಿತ್ತು. ಕಸಾ ಹೊಡೆಯುವ ಕೈಗೆ ಸೈನ್ಸ್ ಕೊಟ್ಟರೆ ಹೀಗೇ ಆಗೂದು ಎಂದು ಅವರು ಎಲ್ಲರೆದುರು ಹೇಳಿಬಿಟ್ಟರು. ಪ್ರದರ್ಶನದಲ್ಲಿ ಬರೀ ವಿಡಿಯೋ ತೋರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಚಿತ್ರದಲ್ಲಿ ಧ್ರುವ ಬರೆದಿರಲಿಲ್ಲ ಎಂದು ಆಕೆ ಹೇಳಬಹುದಿತ್ತು, ಹೇಳಲಿಲ್ಲ. ಜೋಡಿಸಿದ ಕೈ ತನ್ನದೇ ತಾನೇ. ಆದರೆ ಕಸ ಹೊಡೆಯುವ ಕೈ ಎಂಬ ಮಾತು ಆಕೆಗೆ ಮುಳ್ಳು ಮುರಿದಂತೆ ಒಳಗೇ ಉಳಿಯಿತು.

ಭಾನುವಾರ ಬೆಳಿಗ್ಗೆ ಆಕೆ ಸೆರಗು ಬಿಗಿದು ರಾಯಬಾಗಕ್ಕೆ ಹೋಗಿ ಪ್ರಯೋಗಾಲಯದ ಬಾಗಿಲು ತೆಗೆದಳು. ಯಾರನ್ನೂ ಕೇಳಲಿಲ್ಲ. ಹಳಿಯ ಮೇಲೆ ಬಿಳಿ ಕಾಗದ ಹಾಸಿ ಕಬ್ಬಿಣದ ಪುಡಿ ಉದುರಿಸಿದಳು. ಎಂಟನೇ ಇಯತ್ತೆಯ ಹುಡುಗರೂ ಮಾಡುವ ಪ್ರಯೋಗ. ಪುಡಿ ಒಂದೊಂದು ಅಯಸ್ಕಾಂತಕ್ಕೂ ಒಂದೊಂದು ಗುಂಪಾಗಿ, ನಡುವೆ ನಡುವೆ ಕಮಾನು ಕಟ್ಟಿ ಕೂತಿತು. ಆಕೆ ಬಹಳ ಹೊತ್ತು ನೋಡಿದಳು. ಬಿಲ್ಲೆ ತಣಿಯುವಾಗ ತನ್ನ ಕೆಳಗೆ ಎಂಥ ಬಲವಿತ್ತೋ ಅದನ್ನೇ ಹಿಡಿದುಕೊಳ್ಳುತ್ತದೆ. ಮುಂದಿನ ಹೆಜ್ಜೆಯಲ್ಲಿ ಬಲ ಬೇರೆಯಾದರೆ ಅತ್ತ ಹೋಗಲೊಲ್ಲದು. ಉದ್ದಕ್ಕೂ ಒಂದೇ ತರಹ ಇದ್ದರೆ ಅದಕ್ಕೆ ತಡೆಯೇ ಇಲ್ಲ. ಅಂದರೆ ಹಳಿಯ ನಡುವಿನ ಸಾಲಿನಲ್ಲಿ ಪೂರ್ತಿ ಉತ್ತರವೇ ಮೇಲೆ ಬರಬೇಕು. ಅದರ ಎರಡೂ ಬದಿಯ ಸಾಲುಗಳಲ್ಲಿ ಪೂರ್ತಿ ದಕ್ಷಿಣ. ಹೀಗಿದ್ದರೆ ಬಿಲ್ಲೆ ಪಕ್ಕಕ್ಕೂ ಜಾರಲಾರದು, ಮುಂದಕ್ಕೆ ಮಾತ್ರ ಓಡಬೇಕು.

ಯೋಚನೆ ಸುಲಭ, ಕೆಲಸ ಕಷ್ಟ. ಒಂದೇ ಧ್ರುವದ ಎರಡು ಅಯಸ್ಕಾಂತಗಳು ಪಕ್ಕಪಕ್ಕ ಕೂರಲೊಲ್ಲವು, ಅಂಟು ಒಣಗುವ ಮೊದಲೇ ಚಂಗನೆ ಹಾರಿ ಮಗುಚಿಕೊಳ್ಳುತ್ತವೆ. ಆಕೆ ಗ್ರಿಲ್ ಅಂಗಡಿಯಿಂದ ಕಬ್ಬಿಣದ ತಗಡು ಹೊರಿಸಿಕೊಂಡು ಬಂದಳು. ತಗಡಿನ ಮೇಲಾದರೆ ಅವು ಹಾರಲಾರವು. ಪ್ಲೈವುಡ್ಡಿನಿಂದ ಕಿತ್ತ ಅಯಸ್ಕಾಂತಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ, ಕಟ್ಟಿಗೆಯ ತುಂಡಿನಿಂದ ನೂಕಿ ನೂಕಿ ಕೂರಿಸಿದಳು. ಎರಡು ಬೆರಳು ಸಿಕ್ಕಿ ರಕ್ತ ಹೆಪ್ಪುಗಟ್ಟಿತು. ಮೂರನೇ ಸಾಲು ಮುಗಿದಾಗ ಮಧ್ಯಾಹ್ನ ನಾಲ್ಕು. ಹಾಲಸಿದ್ದನಿಗೆ ಫೋನು ಮಾಡಿದಳು. ಅವನು ಮೇಖಳಿಯ ಕಡೆ ಎರಡು ಆಕಳು ನೋಡಿಕೊಂಡು ಕ್ಯಾನಿನೊಂದಿಗೆ ಬಂದ.

ಡಬ್ಬಿ ಮಂಜಿನಲ್ಲಿ ಮುಚ್ಚಿಹೋಯಿತು. ಆಕೆ ಕಟ್ಟಿಗೆ ಎಳೆದಳು, ಕಿರುಬೆರಳಿನಿಂದ ಸುಮ್ಮನೆ ತಾಕಿಸಿದಳು. ಅದು ಹೊರಟಿತು. ಸದ್ದಿಲ್ಲ, ಗದ್ದಲವಿಲ್ಲ. ತಿರುವಿನಲ್ಲಿ ತಾನಾಗಿಯೇ ತಿರುಗಿ, ಹೊಗೆ ಬಿಡುತ್ತ, ಸುತ್ತು ಹಾಕಿ ಮತ್ತೆ ಆಕೆಯ ಮುಂದೆಯೇ ಬಂತು. ಆಕೆ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಖುಷಿಗೇ ಅತ್ತದ್ದು. ಹಾಲಸಿದ್ದ ಹತ್ತು ಸುತ್ತು ಎಣಿಸಿದ, ಆಮೇಲೆ ಎಣಿಸುವುದನ್ನು ಬಿಟ್ಟು ಬರೀ ನೋಡುತ್ತ ನಿಂತ.

ಸೋಮವಾರ ತಾತ್ಯಾಸಾಹೇಬರು ನೋಡಿದರು. ಭಾನುವಾರ ಬಾಗಿಲು ತೆಗೆದದ್ದಕ್ಕೆ ಬೈಯಬೇಕೋ, ರೈಲಿಗೆ ಶಹಬ್ಬಾಸ್ ಎನ್ನಬೇಕೋ ಅವರಿಗೂ ತಿಳಿದಂತಿರಲಿಲ್ಲ. ಕೊನೆಗೆ ವಿಡಿಯೋ ಬೇಡ, ಇದನ್ನೇ ಒಯ್ಯೋಣ ಎಂದರು. ಸುಂದರಾಬಾಯಿ ಚಿಕ್ಕೋಡಿಗೆ ಬಂದು ಒಂಬತ್ತರೊಳಗೆ ಎಲ್ಲ ಹೂಡಿ, ಅತಿಥಿಗಳು ಬರುವ ಮೊದಲು ಊಟದ ಶೆಡ್ಡಿನಲ್ಲಿ ಹೋಗಿ ಕೂರಬೇಕು ಎಂದೂ ಹೇಳಿದರು. ಆಕೆ ಹಳಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು.

ಪ್ರದರ್ಶನದ ದಿನ ಚಿಕ್ಕೋಡಿಯ ಸಭಾಂಗಣ ಹತ್ತೂವರೆಗೆ ತುಂಬಿತ್ತು. ನಿಪ್ಪಾಣಿ, ಕಾಗವಾಡ, ಅಥಣಿ, ಎಲ್ಲ ಕಡೆಯ ಶಾಲೆ ಕಾಲೇಜಿನವರು ಬಂದಿದ್ದರು. ಬೆಳಗಾವಿಯಿಂದ ಅತಿಥಿಯಾಗಿ ಬಂದಿದ್ದ ನರೆತ ಕೂದಲಿನ ನಿವೃತ್ತ ವಿಜ್ಞಾನಿ ಹೆಂಗಸೊಬ್ಬರು ಒಂದೊಂದೇ ಮೇಜು ನೋಡುತ್ತ ಇವರ ಕಡೆಗೆ ಬರತೊಡಗಿದರು. ತಾತ್ಯಾಸಾಹೇಬರು ಕಣ್ಣಿನಲ್ಲೇ ಸನ್ನೆ ಮಾಡಿದರು. ಸುಂದರಾಬಾಯಿ ಕದಲಲಿಲ್ಲ. ಅವರು ಹತ್ತಿರ ಬಂದು ಹಲ್ಲು ಕಚ್ಚಿ ಮೆಲ್ಲಗೆ ಹೇಳಿದರು.

“ಸುಂದರಾಬಾಯಿ, ನೀ ಇನ್ನ ಹೊರಗ ನಿಂದ್ರ.”

“ಇಲ್ರಿ ಸರ. ಇಪ್ಪತ್ತಾರು ವರ್ಷ ಹೊರಗ ನಿಂತೇನಿ. ಇವತ್ತ ಇಲ್ಲೇ ನಿಂದರತೇನಿ.”

ಆಕೆ ಮೆಲ್ಲಗೆ ಹೇಳಲಿಲ್ಲ. ಪಕ್ಕದ ಮೂರು ಮೇಜಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಅತಿಥಿ ಬಂದೇಬಿಟ್ಟರು. ಸಾರಜನಕದ ಫ್ಲಾಸ್ಕು ಆಕೆಯ ಕೈಯಲ್ಲೇ ಇತ್ತು. ಆಕೆ ಸುರಿದಳು, ಕಾದಳು, ಕಟ್ಟಿಗೆ ಎಳೆದಳು, ಕಿರುಬೆರಳು ತಾಕಿಸಿದಳು. ರೈಲು ಓಡಿತು. ಜನ ಮೇಜಿಗೆ ಮುಗಿಬಿದ್ದರು. ಆಕೆ ನಿಂತ ಜಾಗ ಬಿಡಲಿಲ್ಲ.

ಅಯಸ್ಕಾಂತಗಳನ್ನು ಹೇಗೆ ಇಟ್ಟರೂ ನಡೆಯುತ್ತದೆಯೇ ಎಂದು ಅತಿಥಿ ಕೇಳಿದರು. ತಾತ್ಯಾಸಾಹೇಬರು ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು, ಸೂತ್ರದವರೆಗೆ ಹೋಗಿ ಅಲ್ಲೇ ತಡವರಿಸಿದರು. ಸುಂದರಾಬಾಯಿ ತನ್ನ ತಪ್ಪಿನಿಂದಲೇ ಹೇಳತೊಡಗಿದಳು. ಪೆಟ್ಟಿಗೆಯಲ್ಲಿ ಇಡುವ ರೂಢಿ, ಪ್ಲೈವುಡ್ಡಿನ ಹಳಿ, ನಿಂತೇಬಿಟ್ಟ ರೈಲು, ಕಬ್ಬಿಣದ ಪುಡಿ, ಎಲ್ಲ ಹೇಳಿದಳು. ಅತಿಥಿ ಆಕೆಯ ಕಪ್ಪಿಟ್ಟ ಬೆರಳುಗಳನ್ನು ಹಿಡಿದು ನೋಡಿ, ಹೆಸರು ಕೇಳಿದರು. ಆಕೆ ಪೂರ್ತಿ ಹೆಸರು ಹೇಳಿದಳು.

ಮೂರನೇ ದಿನ ಪ್ರಾಚಾರ್ಯರಿಂದ ಮೆಮೊ ಬಂತು. ಮೇಲಧಿಕಾರಿಯ ಮಾತು ಮೀರಿ ಪ್ರದರ್ಶನದ ಮೇಜಿನ ಬಳಿ ನಿಂತು ಸಂಸ್ಥೆಗೆ ಮುಜುಗರ ಉಂಟುಮಾಡಿದ್ದೀರಿ, ತಪ್ಪೊಪ್ಪಿಕೊಂಡು ಕ್ಷಮೆ ಕೋರದಿದ್ದರೆ ಶಿಸ್ತುಕ್ರಮ ಕೈಗೊಳ್ಳಲಾಗುವುದು ಎಂದು ಅದರಲ್ಲಿತ್ತು. ಅಥಣಿಯಲ್ಲಿ ನರ್ಸ್ ಆಗಿರುವ ಮಗಳು ಸ್ನೇಹಲ ಫೋನಿನಲ್ಲಿ ಗಾಬರಿಯಾದಳು.

“ಅವ್ವಾ, ಏಳ ತಿಂಗಳಷ್ಟ ಉಳದೈತಿ. ಪಿಂಚಣಿಗೆ ಕಲ್ಲ ಹಾಕ್ತಾರ. ಎರಡ ಸಾಲ ಬರದು ಕೊಟ್ಟಬಿಡ.”

ಬರೆದು ಕೊಡುತ್ತೇನೆ ಬಿಡು ಎಂದಳು ಸುಂದರಾಬಾಯಿ. ಉತ್ತರಕ್ಕೆ ಏಳು ದಿನ ಗಡುವಿತ್ತು, ಆಕೆಗೆ ಕಾಲು ತಾಸು ಸಾಕಾಯಿತು. ಪ್ರಯೋಗಾಲಯದ ಮೇಜಿನ ಮೇಲೇ ಬರೆದು ಆಫೀಸಿಗೆ ಒಯ್ದಳು. ಗುಮಾಸ್ತ ಓದಿ ಹುಬ್ಬೇರಿಸಿದ. ಇದನ್ನು ಒಳಗೆ ಕಳಿಸಲೇನು, ವಿಚಾರ ಮಾಡ್ರಿ ಬಾಯಿ ಎಂದ. ಆಕೆ ಎರಡನೇ ಪ್ರತಿಯನ್ನು ಮುಂದೆ ಚಾಚಿ, ಸ್ವೀಕರಿಸಿದ್ದೇವೆ ಎಂದು ಮೊಹರು ಹಾಕಿಸಿಕೊಳ್ಳುವವರೆಗೆ ಕದಲಲಿಲ್ಲ. ಉತ್ತರ ಹೀಗಿತ್ತು:

“ತಪ್ಪು ಮಾಡಿದ್ದು ನಿಜ. ಮೊದಲ ಸಲ ಅಯಸ್ಕಾಂತಗಳನ್ನು ಉದ್ದಕ್ಕೂ ಅದಲುಬದಲಾಗಿ ಜೋಡಿಸಿದ್ದೆ. ಅದನ್ನು ಭಾನುವಾರ ತಿದ್ದಿದ್ದೇನೆ. ಮೇಜಿನ ಹತ್ತಿರ ನಿಂತದ್ದು ತಪ್ಪಲ್ಲ. ಅದನ್ನು ತಿದ್ದುವುದಿಲ್ಲ. — ಸುಂದರಾ ಲಗಮಪ್ಪ ಕಾಂಬಳೆ.”