ಕೊಪ್ಪರಿಗೆಯ ಮೇಲೆ

ಕಬ್ಬಿನ ಹಾಲು ಕುದಿಯುವ ವಾಸನೆ ಬಂತೆಂದರೆ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯತ್ತ ಮೂಗು ಚಾಚುತ್ತಾರೆ. ಮಂಡ್ಯದಿಂದ ಕೊತ್ತತ್ತಿ ಕಡೆಗೆ ಹೋಗುವ ದಾರಿಯಲ್ಲಿ ಈಗಲೂ ಒಂದೆರಡು ಆಲೆಮನೆಗಳು ಉಳಿದಿವೆ. ಪಕ್ಕದವರು ಬಿಸಿ ಬೆಲ್ಲ ನೆನೆದು ಬಾಯಲ್ಲಿ ನೀರೂರಿಸಿಕೊಳ್ಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ, ಕಿಟಕಿ ಎಳೆದು ಮುಚ್ಚುತ್ತೇನೆ. ಮುಚ್ಚಿದರೂ ಒಲೆಗೆ ಹಾಕುವ ಕಬ್ಬಿನ ಒಣಸಿಪ್ಪೆಯ ಹೊಗೆ, ಉಕ್ಕುವ ನೊರೆಯ ಘಾಟು ಸಂದಿಯಿಂದ ಒಳಗೆ ಬಂದೇ ಬರುತ್ತವೆ. ಅವುಗಳ ಹಿಂದೆಯೇ ನಮ್ಮ ಮನೆಯೂ ಬರುತ್ತದೆ. ಎರಡು ಸಂಸಾರ ಒಟ್ಟಿಗೆ ಉಂಡ ಮನೆ, ಅದರ ಹಿತ್ತಲಿಗೆ ಅಂಟಿಕೊಂಡಿದ್ದ ಆಲೆಮನೆ, ಎರಡಕ್ಕೂ ಯಜಮಾನರಾಗಿದ್ದ ದೊಡ್ಡಪ್ಪ. ಬಾಲ್ಯ ಸಿಹಿಯಾಗಿತ್ತು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ನಾನು ಬೆಳೆದದ್ದು ಬೆಲ್ಲದ ಮನೆಯಲ್ಲೇ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮಗು ತಾನಾಗಿ ಆಲೆಮನೆಯತ್ತ ಓಡುವಷ್ಟು ದೊಡ್ಡದಾಯಿತೆಂದರೆ ದೊಡ್ಡಪ್ಪ ಅದರ ರಟ್ಟೆಗಳನ್ನು ಹಿಡಿದೆತ್ತಿ, ಕುದಿಯುವ ಕೊಪ್ಪರಿಗೆಯ ಮೇಲೆ ತೂಗಾಡಿಸುತ್ತಿದ್ದರು. ಒಮ್ಮೆ ಆ ಬಿಸಿ ಕಂಡ ಮಗು ಮತ್ತೆ ಅತ್ತ ಸುಳಿಯುವುದಿಲ್ಲ ಎಂಬುದು ಅವರ ವಿಚಾರ. ನನ್ನ ಸರದಿ ಬಂದಾಗ ನನಗೆ ನಾಲ್ಕೋ ಐದೋ. ಕೆಳಗೆ ಹೊಂಬಣ್ಣದ ಗುಳ್ಳೆಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ಅಂಗಾಲಿಗೆ ಹಬೆ ಬಡಿಯುತ್ತಿತ್ತು. "ನೋಡ್ಕಳವ್ವ ಚೆನ್ನಾಗಿ. ಇತ್ತಗ್ ಬಂದ್ರೆ ನೀನೂವೆ ಬೆಲ್ಲ ಆಗೋಯ್ತೀಯ" ಎಂದರು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳುಗಳು ನಕ್ಕರು. ದೊಡ್ಡವ್ವ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಉಚ್ಚೆ ಹೊಯ್ದುಕೊಂಡೆ. ಅದು ಕೊಪ್ಪರಿಗೆಗೇ ಬಿತ್ತೆಂದು ಹಬ್ಬ ಹಬ್ಬಕ್ಕೂ ಊಟದ ಸಾಲಿನಲ್ಲಿ ನಗೆಚಾಟಿಕೆ ನಡೆಯುತ್ತಿತ್ತು. ಆ ಸಲದ ಬೆಲ್ಲ ಎಂದಿನಂತೆ ಮಾರುಕಟ್ಟೆಗೆ ಹೋಯಿತಂತೆ, ಯಾರೂ ದೂರು ಹೇಳಲಿಲ್ಲವಂತೆ.

ಅಪ್ಪ ಹಾಗಲ್ಲ. ದೊಡ್ಡಪ್ಪನ ಒಡಹುಟ್ಟಿದ ತಮ್ಮನಾದರೂ ಅವನು ಗಟ್ಟಿಯಾಗಿ ಕೆಮ್ಮಿದ್ದನ್ನೂ ನಾನು ಕೇಳಿದ್ದಿಲ್ಲ. ಮಂಡ್ಯಕ್ಕೆ ಹೋದಾಗ ಬಣ್ಣದ ಪೆಟ್ಟಿಗೆ ತಂದು, ಅಂಗಿಯೊಳಗಿಂದ ತೆಗೆದು ಕೊಟ್ಟು, "ನಿಮ್ ದೊಡ್ಡಪ್ಪುಂಗೆ ಕಾಣಂಗ್ ಮಡಗ್ಬೇಡ ಮಗ" ಎನ್ನುತ್ತಿದ್ದ. ನಾನು ಚಿತ್ರ ಬರೆಯಲು ಕಲಿತದ್ದು ಆ ಬಣ್ಣಗಳಿಂದ. ಆಮೇಲೆ ಮನೆ ಪಾಲಾಯಿತು. ಕೊಪ್ಪರಿಗೆ ಗುಜರಿಗೆ ಹೋಯಿತು, ಆಲೆಮನೆ ಕೆಡವಿದ ಜಾಗದಲ್ಲಿ ದೊಡ್ಡಪ್ಪನ ಮಗ ಟ್ರಾಕ್ಟರ್ ನಿಲ್ಲಿಸತೊಡಗಿದ. ನಾವು ಮಂಡ್ಯದ ಬಾಡಿಗೆ ಮನೆಗೆ ಬಂದೆವು. ಅಪ್ಪ ಅಲ್ಲೇ ತೀರಿಕೊಂಡ.

ಮೈಸೂರಿನಲ್ಲಿ ಆನಿಮೇಷನ್ ಕಲಿಯುತ್ತಿದ್ದ ನಾನು ಕೊನೆಯ ವರ್ಷ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕಿತ್ತು. ವಿಷಯ, ಬಾಲ್ಯದ ಭಯ. ಜೊತೆಯವರು ಹಲ್ಲಿ, ಕತ್ತಲ ಬಚ್ಚಲು, ಹುಣಸೆಮರದ ದೆವ್ವ ಬರೆದರು. ನಾನು ದೊಡ್ಡಪ್ಪನನ್ನು ಬರೆದೆ. ಇದ್ದಿಲಿನಲ್ಲಿ ಬರೆಯಬೇಕು, ಒಂದಿಷ್ಟು ಅಳಿಸಿ ಮತ್ತೆ ಬರೆಯಬೇಕು, ಪ್ರತಿಸಲವೂ ಫೋಟೊ ತೆಗೆಯಬೇಕು. ಪರದೆಯ ಮೇಲೆ ಆ ಮನುಷ್ಯ ಒಮ್ಮೆ ಹಲ್ಲು ಕಿರಿಯಬೇಕಾದರೆ ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. ತಿಂಗಳುಗಟ್ಟಲೆ ಆ ಮುಖವನ್ನೇ ಬರೆದರೂ ದ್ವೇಷ ತೀರಲಿಲ್ಲ. ಆತನಲ್ಲಿ ಒಂಚೂರು ಒಳ್ಳೆಯತನವೂ ಇರಲಿ ಎಂದು ಮೇಷ್ಟ್ರು ಹೇಳಿದರು, ನನಗೆ ಮನಸ್ಸಾಗಲಿಲ್ಲ. ನನಗೆ ಅಂಕ ಬೇಕಿರಲಿಲ್ಲ. ದೊಡ್ಡಪ್ಪ ಇದನ್ನು ನೋಡಬೇಕು, ಅಂದು ನಕ್ಕವರ ಮುಂದೆಯೇ ತಪ್ಪಾಯಿತು ಎನ್ನಬೇಕು, ಅಷ್ಟೇ ಬೇಕಿತ್ತು.

ಪಿತೃಪಕ್ಷಕ್ಕೆ ಎಲ್ಲರೂ ದೊಡ್ಡಪ್ಪನ ಮನೆಯಲ್ಲಿ ಸೇರಿದ್ದೆವು. ಹಿರಿಯರಿಗೆ ಎಡೆಯಿಟ್ಟು ಬಾಡೂಟ ಮುಗಿದ ಮೇಲೆ ನಡುಮನೆಯ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಚಿತ್ರ ಶುರುವಾದದ್ದೇ ತಡ, ಎಲ್ಲರೂ ದೊಡ್ಡಪ್ಪನ ಮೀಸೆ ಗುರುತು ಹಿಡಿದು ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿ, ಕುರ್ಚಿ ಮುಂದೆಳೆದುಕೊಂಡು ನೋಡಿದರು. ತಪ್ಪಾಯಿತೆಂಬ ಮಾತು ಈಗ ಬರುತ್ತದೆ ಎಂದು ನಾನು ಕಾದೆ. "ಚೆನ್ನಾಗ್ ಬರ್ದಿದ್ದೀಯ ಕಣವ್ವ" ಎಂದರು. "ನಾನಿವ್ನಿ, ನಿಮ್ ದೊಡ್ಡವ್ವ ಅವ್ಳೆ, ಆಳ್ಗುಳೂ ಅವ್ರೆ. ನಿಮ್ಮಪ್ಪುನ್ನ ಯಾಕ್ ಬುಟ್ಟೆ? ಅವತ್ತು ಒಲೆ ಬಾಯ್ಲಿ ಕುಂತು ಉರಿ ಆಕ್ತಿದ್ದೋನು ಅವ್ನೇ ಅಲ್ವಾ."

ಅದರಲ್ಲಿ ಕೊಂಕು ಇರಲಿಲ್ಲ. ಕೆಲಸದಲ್ಲೊಂದು ಕೊರತೆ ಕಂಡಿತು, ತೋರಿಸಿದರು. ಸುಳ್ಳು ಎಂದು ಕೂಗಲು ಬಾಯಿ ತೆರೆದವಳು ಅವ್ವನ ಮುಖ ನೋಡಿದೆ. ಅವ್ವ ತಲೆ ತಗ್ಗಿಸಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಉರಿ ನಿಂತ್ರೆ ಪಾಕ ಕೆಡ್ತಿತ್ತಲ್ಲ ಮಗ" ಎಂದಳು. "ಅಣ್ಣುನ್ ಮುಂದೆ ನಿಮ್ಮಪ್ಪ ಯಾವತ್ ತಲೆ ಎತ್ತಿದ್ರು ಯೋಳು."

ನನ್ನ ನೆನಪಿನಲ್ಲಿ ಆ ಬೆಂಕಿ ತಾನಾಗಿಯೇ ಉರಿಯುತ್ತಿತ್ತು. ಅದಕ್ಕೆ ಸಿಪ್ಪೆ ತಳ್ಳುವವರೊಬ್ಬರು ಇರಲೇಬೇಕೆಂದು ಇಷ್ಟು ವರ್ಷ ಹೊಳೆದಿರಲಿಲ್ಲ. ದೊಡ್ಡಪ್ಪನ ಮೇಲಿನ ಸಿಟ್ಟು ಇಳಿಯಿತೇ ಎಂದರೆ ಇಲ್ಲ, ಇಮ್ಮಡಿಯಾಯಿತು. ಸತ್ತ ಅಪ್ಪನನ್ನೂ ಅವರು ನನ್ನಿಂದ ಕಿತ್ತುಕೊಂಡರು. ಆ ಮನೆ ಹೋಯಿತೆಂದು ನಾನು ಎಂದೂ ಅತ್ತವಳಲ್ಲ. ಅಪ್ಪ ಇನ್ನೊಮ್ಮೆ ಹೋದನೆಂದು ಅವತ್ತು ಬಸ್ಸಿನಲ್ಲಿ ಅತ್ತೆ. ನೀವೂ ಹೋದ ಮನೆಯೊಂದನ್ನು ನೆನೆಯುವವರಾದರೆ, ನೆನಪಿನಿಂದ ಯಾರನ್ನು ಬಿಟ್ಟಿದ್ದೀರೆಂದು ಹುಡುಕಲು ಹೋಗಬೇಡಿ.

ಚಿತ್ರ ಒಪ್ಪಿಸಲು ಇನ್ನೂ ಸಮಯವಿತ್ತು. ಒಲೆಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕೂತ ತೆಳ್ಳನೆಯ ಮನುಷ್ಯನೊಬ್ಬನನ್ನು ಬರೆದೆ. ಆ ಬೆನ್ನು ನನಗೆ ಚೆನ್ನಾಗಿ ಗೊತ್ತು, ಬನಿಯನ್ನಿನ ತೂತುಗಳ ಸಮೇತ. ಮೇಲೆ ಮಗು ಕಿರುಚುತ್ತದೆ. ಅವನು ಪಕ್ಕದ ರಾಶಿಯಿಂದ ಸಿಪ್ಪೆ ಎಳೆದು ಒಲೆಗೆ ತಳ್ಳುತ್ತಾನೆ, ಮತ್ತೆ ಎಳೆಯುತ್ತಾನೆ. ಅವನು ಕೈ ನಿಲ್ಲಿಸಿ, ತಲೆ ಎತ್ತಿ ನನ್ನತ್ತ ನೋಡುವಂತೆ ಮಾಡಲು ಇನ್ನೊಂದು ಹತ್ತು ಹನ್ನೆರಡು ಚಿತ್ರ ಸಾಕಿತ್ತು. ಕಾಗದವಿತ್ತು, ಇದ್ದಿಲೂ ಇತ್ತು. ನಾನು ಬರೆಯಲಿಲ್ಲ.