ಬೆಂಬಲ ನಿಂತಿದೆ ಎಂದವರಿಗೆ

ಆಂಟಿಯ ಹತ್ತಿ ನೈಟಿಯ ಮಡಿಲ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ತೂತುಗಳಿದ್ದವು. ಬೆಸುಗೆ ಹಾಕುವಾಗ ಸಿಡಿದ ಸೀಸದ ಹನಿಗಳ ಕೆಲಸ ಅದು. ಯಾರಾದರೂ ಬೆಲ್ ಮಾಡಿದರೆ ಹೆಗಲ ಮೇಲೊಂದು ಟವೆಲ್ ಎಳೆದುಕೊಂಡು, ಮರ್ಯಾದೆ ಉಳಿಯಿತು ಎಂಬ ಧೈರ್ಯದಲ್ಲಿ ಬಾಗಿಲು ತೆಗೆಯುತ್ತಿದ್ದರು. ಟವೆಲ್ ಹೆಗಲನ್ನು ಮುಚ್ಚುತ್ತಿತ್ತು, ತೂತುಗಳು ಹಾಗೇ ಕಾಣುತ್ತಿದ್ದವು. ನೋಡಲಾರದೆ ಒಮ್ಮೆ ಹೊಸ ನೈಟಿ ತಂದುಕೊಟ್ಟೆ. "ಚಂದ ಉಂಟು ಮಾರಾಯ್ತಿ," ಎಂದು ಕಪಾಟಿನಲ್ಲಿಟ್ಟರು. ಅದನ್ನು ಅವರು ತೊಟ್ಟದ್ದನ್ನು ನಾನು ಕಾಣಲಿಲ್ಲ.

ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಅವರದು ಹನ್ನೊಂದನೇ ಮಹಡಿ, ನಮ್ಮದು ಅದರ ಮೇಲಿನದು. ಉಡುಪಿ ಕಡೆಯವರು. ಅಂಕಲ್ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಆಂಟಿ ಅಲ್ಲಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಇಬ್ಬರೂ ನಿವೃತ್ತರಾದ ಮೇಲೆ ಇಲ್ಲಿಗೆ ಬಂದರು. ಬಂದ ವಾರದಲ್ಲೇ ಊಟದ ಮೇಜು ಆಂಟಿಯ ಪಾಲಾಯಿತು. ವಯರು, ಬೆಸುಗೆ ಕಡ್ಡಿ, ಅಂಗೈ ಅಗಲದ ಹಸಿರು ಬೋರ್ಡುಗಳು, ಇವುಗಳ ನಡುವೆ ಒಂದು ಉಪ್ಪಿನಕಾಯಿ ಜಾಡಿ. ಅಂಕಲ್ ಸೋಫಾದ ಮೇಲೆ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. "ಜಾಗ ಕೇಳಿದ್ರೆ ಊಟವೂ ಹೋಗ್ತದೆ," ಎನ್ನುವುದು ಅವರ ವಾದ.

ನನ್ನ ಮಗಳಿಗೆ ಮಾತು ಬರುವುದಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ಆದರೆ ನಾಲಿಗೆಯಾಗಲಿ ಬೆರಳಾಗಲಿ ಅವಳ ಮಾತು ಕೇಳುವುದಿಲ್ಲ. ಮುಷ್ಟಿ ಬಿಗಿದೇ ಇರುತ್ತದೆ. ಲಿಫ್ಟಿನಲ್ಲಿ ಜನ ಅವಳನ್ನು ನೋಡಿ ನನ್ನ ಕಡೆ ತಿರುಗಿ 'ಪಾಪ' ಎಂಬ ಮುಖ ಮಾಡುತ್ತಿದ್ದರು. ಆ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಂಟಿ ಮೊದಲ ದಿನವೇ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು: "ಎಷ್ಟು ದೊಡ್ಡ ಬಟನ್ ಆದ್ರೆ ನಿಂಗೆ ಗುದ್ಲಿಕ್ಕೆ ಆಗ್ತದೆ ಮಗಾ?"

ಹಾಗೆ ಹುಟ್ಟಿದ್ದು ಮಾತಿನ ಡಬ್ಬಿ. ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡದು, ಮೇಲೆ ಅಂಗೈಯಷ್ಟು ಅಗಲದ ಬಟನ್‌ಗಳು, ಒಳಗೆ ಒಂದು ಹಳೆಯ ಸಿಂಗಲ್ ಬೋರ್ಡ್ ಕಂಪ್ಯೂಟರ್, ಎಂದರೆ ಒಂದೇ ಹಸಿರು ಬೋರ್ಡಿನಲ್ಲಿ ಅಡಗಿದ ಇಡೀ ಕಂಪ್ಯೂಟರ್. ಮುಷ್ಟಿಯಿಂದ ಗುದ್ದಿದರೆ ಡಬ್ಬಿ ಮಾತಾಡುತ್ತದೆ. ಮೊದಲ ಬಟನ್ 'ನೀರು' ಇರಲಿ ಎಂದೆ ನಾನು. ಆಂಟಿ ಒಪ್ಪಲಿಲ್ಲ. "ನೀರು ನೀನು ಹೇಗೂ ಕೊಡ್ತಿ. ಮೊದ್ಲು 'ಬೇಡ' ಇರ್ಲಿ. ಬೇಡ ಹೇಳ್ಲಿಕ್ಕೆ ಆಗದವರನ್ನು ಎಲ್ರೂ ಒಳ್ಳೆ ಮಗು ಅಂತಾರೆ. ನಮ್ಗೆ ಒಳ್ಳೆ ಮಗು ಬೇಡ."

ಯಂತ್ರದ ಧ್ವನಿಯೂ ಬೇಡವೆಂದರು. ನಮ್ಮ ಬ್ಲಾಕಿನಲ್ಲೇ ಮಗಳ ವಯಸ್ಸಿನ ಒಬ್ಬ ಕನ್ನಡದ ಹುಡುಗಿ ಇದ್ದಳು. ಇಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವಳನ್ನು ಕೂರಿಸಿ ಒಂದೊಂದೇ ಪದ ಹೇಳಿಸಿ ರೆಕಾರ್ಡ್ ಮಾಡಿದರು. ಇಲ್ಲಿನವರು ಮಾತಿನ ಕೊನೆಗೆಲ್ಲ ಅಂಟಿಸುವ 'ಲಾ' ಸೇರಿಸಿ ಅವಳು "ಬೇಡ ಲಾ" ಎಂದಳು. ನಾನು ತಿದ್ದಲು ಹೋದೆ. ಆಂಟಿ ತಡೆದರು. "ಇರ್ಲಿ ಬಿಡು. ಪುಚೊಂಗಿನ ಮಗು ಪುಚೊಂಗಿನ ಹಾಗೆಯೇ ಬೇಡ ಹೇಳ್ಬೇಕು." ಡಬ್ಬಿ ಬಂದ ಮೊದಲ ವಾರ ನನ್ನ ಮಗಳು ಇಡ್ಲಿ, ಸ್ನಾನ, ಜಡೆ, ಅಪ್ಪನ ಹಾಡು ಎಲ್ಲಕ್ಕೂ "ಬೇಡ ಲಾ" ಎಂದಳು. ನಾನು ಅಡುಗೆಮನೆಯಲ್ಲಿ ನಿಂತು ಸಂತೋಷದಿಂದ ಅತ್ತೆ.

ಮೂರ್ನಾಲ್ಕು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಅವಳ ಶಾಲೆಯವರು ಹೊಸ ನಿಯಮ ತಂದರು. ಡಬ್ಬಿಯ ಮಾತು ಟೀಚರ ಪರದೆಯ ಮೇಲೂ ಮೂಡಬೇಕಾದರೆ ಅದು ಶಾಲೆಯ ನೆಟ್‌ವರ್ಕಿಗೆ ಸೇರಬೇಕು. ಇನ್ನು ಮುಂದೆ ಹಳೆಯ ಆಪರೇಟಿಂಗ್ ಸಿಸ್ಟಮ್ ಇರುವ ಯಾವ ಯಂತ್ರವೂ ಸೇರುವಂತಿಲ್ಲ, ಶಾಲೆಯೊಳಗೇ ತರುವಂತಿಲ್ಲ. ನಮ್ಮ ಡಬ್ಬಿಯಲ್ಲಿದ್ದದ್ದು ಸಿಸ್ಟಮ್‌ನ ಹಳೆಯ ಆವೃತ್ತಿ, ಅದರ ದೋಷ ತಿದ್ದುವ ಬೆಂಬಲ ನಿಂತು ಬಹಳ ಕಾಲವಾಗಿತ್ತು. ಹೊಸ ಆವೃತ್ತಿಗಳು ಆ ಬೋರ್ಡಿನಲ್ಲಿ ಓಡುತ್ತಲೇ ಇರಲಿಲ್ಲ. ಮಗಳನ್ನು ಕರೆದುಕೊಂಡು ಆಂಟಿಯೂ ನಾನೂ ಶಾಲೆಗೆ ಹೋದೆವು. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಳ್ಳೆಯವನೇ. "ಆಂಟಿ, ಟ್ಯಾಬ್ಲೆಟ್ ತಗೊಳ್ಳಿ ಲಾ. ಸಿಂಪಲ್," ಎಂದ.

ಆಂಟಿ ಮೇಜಿನ ಮೇಲಿದ್ದ ಅವನ ಟ್ಯಾಬ್ಲೆಟನ್ನೇ ಎಳೆದು ಮಗಳ ಮುಂದಿಟ್ಟರು. ಅವಳು ತನಗೆ ಗೊತ್ತಿರುವಂತೆ ಮುಷ್ಟಿಯಿಂದ ಗುದ್ದಿದಳು. ಪರದೆಗೆ ಏನೂ ತಿಳಿಯಲಿಲ್ಲ, ಹುಡುಗ ಹೌಹಾರಿ ಅದನ್ನು ಎತ್ತಿಕೊಂಡ. "ನೋಡು," ಎಂದರು ಆಂಟಿ, "ಸಿಂಪಲ್ ಯಾರಿಗೆ?" ಟರ್ಮ್ ಮುಗಿಯುವವರೆಗೆ ಗಡುವು ಸಿಕ್ಕಿತು. ಅಷ್ಟರೊಳಗೆ ಆಗದಿದ್ದರೆ ನನ್ನ ಮಗಳು ಶಾಲೆಯಲ್ಲಿ ದಿನವಿಡೀ ಬಾಯಿಲ್ಲದೆ ಕೂರಬೇಕು.

ನನ್ನ ಗಂಡ ಹೊಸ ಬೋರ್ಡು ತಂದರು. ಅದಕ್ಕೆ ಸ್ಪೀಕರ್ ವಯರು ಚುಚ್ಚುವ ತೂತೇ ಇರಲಿಲ್ಲ, ಡಬ್ಬಿಯಲ್ಲಿ ಕೂರಲೂ ಇಲ್ಲ. ಬೇರೆ ಡಬ್ಬಿ ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಆಂಟಿ ಅದೇ ಬಗೆಯ ಹಳೆಯ ಬೋರ್ಡುಗಳಿಂದ ಶಾಲೆಯ ಇನ್ನೂ ಕೆಲವು ಮಕ್ಕಳಿಗೆ ಡಬ್ಬಿ ಮಾಡಿಕೊಟ್ಟಿದ್ದರು. "ಇವತ್ತು ಹೊಸತು ಹಾಕಿದ್ರೆ ನಾಳೆ ಅದನ್ನೂ ಹಳತು ಅಂತಾರೆ. ಪ್ರತಿ ಸಲ ನಾವೇ ಓಡುದಾ? ಈ ಬೋರ್ಡಿಗೆ ಎಂತ ರೋಗವೂ ಇಲ್ಲ. ಸತ್ತಿದೆ ಅಂತ ಆ ಸಿಸ್ಟಮ್ ಮಾಡುವವ್ರು ಬರ್ಕೊಂಡಿದ್ದಾರೆ, ಅಷ್ಟೆ," ಎಂದರು. ಅವರ ಮೂಗಿನ ತುದಿ ಕೆಂಪಾಗಿತ್ತು. ಇನ್ನು ಯಾರು ಹೇಳಿದರೂ ಕೇಳುವವರಲ್ಲ ಎಂದು ಅಂಕಲ್ ನನಗೆ ಕಣ್ಣಲ್ಲೇ ತಿಳಿಸಿದರು.

ಆ ಸಿಸ್ಟಮ್ ಯಾವ ಕಂಪನಿಯದೂ ಅಲ್ಲ. ಬೇರೆ ಬೇರೆ ದೇಶದ ಜನ ಸೇರಿ ಕಟ್ಟಿ, ಒಳಗಿನ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅವರದೊಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಪ್ರತಿಯೊಂದು ಬಗೆಯ ಬೋರ್ಡಿಗೂ ಒಬ್ಬ ಮೇಂಟೇನರ್ ಇರಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ತನ್ನ ಮೇಜಿನ ಮೇಲಿನ ಬೋರ್ಡಿನಲ್ಲಿ ಓಡಿಸಿ, ಕೆಟ್ಟದ್ದನ್ನು ಸರಿಮಾಡಿ, ಹೌದು ಇದು ನಡೆಯುತ್ತದೆ ಎಂದು ಹೇಳುವವರು. ಅಂಥವರು ಇಲ್ಲವಾದರೆ ಬೋರ್ಡನ್ನು ಪಟ್ಟಿಯಿಂದ ಕಿತ್ತುಹಾಕುತ್ತಾರೆ. ನಮ್ಮದಕ್ಕೆ ಆದದ್ದು ಇದೇ. ಆಂಟಿ ಆ ಯೋಜನೆಯವರಿಗೆ ಬರೆದಾಗ ಎಲ್ಲಿಯವನೋ ಒಬ್ಬ, ಹೊಸ ಬೋರ್ಡು ಅಗ್ಗವಾಗಿ ಸಿಗುತ್ತದಲ್ಲ ಎಂದು ಉತ್ತರಿಸಿದ. ಆಂಟಿ ಅದಕ್ಕೆ ಬರೆದದ್ದು ಒಂದೇ ಸಾಲು: ಈ ಬೋರ್ಡನ್ನು ಮತ್ತೆ ಒಳಗೆ ಸೇರಿಸಲು ನಾನು ಏನೇನು ಮಾಡಬೇಕು, ಹೇಳಿ.

ಕೆಲಸ ಶುರುವಾಯಿತು. ನಾನು ಬಾಂಗ್ಸಾರ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಪರೀಕ್ಷಿಸುವವಳು. ನಮ್ಮ ಕೆಲಸ ಗುಂಡಿ ಒತ್ತಿ ನೋಡುವುದು, ಇಷ್ಟು ಆಳಕ್ಕೆ ಇಳಿದವಳಲ್ಲ. "ನಿನ್ನ ಕೋಡ್ ನಂಗೆ ಬೇಡ. ತಪ್ಪು ಹುಡುಕುವ ನಿನ್ನ ಕಣ್ಣು ಬೇಕು," ಎಂದು ನನ್ನನ್ನು ಎಳೆದುಕೊಂಡರು. ಅವರು ಬರೆದದ್ದನ್ನು ನಾನು ನನ್ನ ಮನೆಯಲ್ಲಿದ್ದ ಅದೇ ಬಗೆಯ ಬೋರ್ಡಿನಲ್ಲಿ ಓಡಿಸಬೇಕು. ಬೋರ್ಡು ಎಚ್ಚರವಾಗುವಾಗ ತಾನು ಮಾಡುತ್ತಿರುವುದನ್ನೆಲ್ಲ ಒಂದು ವಯರಿನ ಮೂಲಕ ಸಾಲುಸಾಲಾಗಿ ಹೇಳುತ್ತದೆ. ಆಂಟಿ ಆ ಸಾಲುಗಳನ್ನು ವೈದ್ಯರು ನಾಡಿ ನೋಡುವಂತೆ ಓದುತ್ತಿದ್ದರು.

ಅರ್ಧ ದಾರಿಗೆ ಬಂದು ನಿಂತುಬಿಟ್ಟೆವು. ಆಂಟಿಯ ಬೋರ್ಡು ಎಚ್ಚರವಾಗುತ್ತಾ ಆಗುತ್ತಾ ಎಲ್ಲೋ ಒಂದು ಕಡೆ ಸುಮ್ಮನಾಗುತ್ತಿತ್ತು. ಪ್ರತಿ ಸಲ ಬೇರೆ ಜಾಗದಲ್ಲಿ. ಆಂಟಿ ತಾನು ಬರೆದದ್ದನ್ನೇ ಅನುಮಾನಿಸಿದರು. ಕಿತ್ತು ಮತ್ತೆ ಬರೆದರು. ಮತ್ತೆ ಕಿತ್ತರು. ಗಡುವು ಹತ್ತಿರ ಬರುತ್ತಿತ್ತು. "ನಂಗೆ ಪ್ರಾಯ ಆಯ್ತು ಕಾಣ್ತದೆ. ತಲೆ ಓಡುದಿಲ್ಲ," ಎಂದು ಒಂದು ಸಂಜೆ ಕನ್ನಡಕ ತೆಗೆದಿಟ್ಟರು. ಅವರು ಸೋತ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನಗೆ ಒಂದು ವಿಷಯ ತಲೆ ತಿನ್ನುತ್ತಿತ್ತು. "ಆಂಟಿ, ನಮ್ಮನೇಲಿ ಒಂದ್ಸಲಾನೂ ನಿಂತಿಲ್ಲ. ಅದೇ ಕೋಡು, ಅದೇ ಥರದ ಬೋರ್ಡು. ನಿಮ್ಮನೇಲಿ ಮಾತ್ರ ಯಾಕೆ?" ಎಂದೆ. ಇಬ್ಬರೂ ಮೇಜನ್ನು ನೋಡಿದೆವು. ಕರೆಂಟಿಗೆಂದು ಅವರು ಚುಚ್ಚಿದ್ದು ಪಸಾರ್ ಮಾಲಂನಲ್ಲಿ, ಅಂದರೆ ನಮ್ಮ ಬೀದಿಯ ವಾರದ ಸಂತೆಯಲ್ಲಿ, ಚೌಕಾಸಿ ಮಾಡಿ ತಂದ ಗುಲಾಬಿ ಬಣ್ಣದ ಫೋನ್ ವಯರು. ನೂಲಿನಷ್ಟು ತೆಳ್ಳಗೆ. ಬೋರ್ಡು ಹೆಚ್ಚು ಕರೆಂಟು ಕೇಳಿದಾಗ ವಯರಿಗೆ ಕೊಡಲು ಆಗುತ್ತಿರಲಿಲ್ಲ, ಅದು ಹಸಿದು ಬೀಳುತ್ತಿತ್ತು. ನನ್ನ ದಪ್ಪ ವಯರು ಹಾಕಿದೆವು. ಒಂದೇ ಉಸಿರಿಗೆ ಎದ್ದಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕು, ಚೆನ್ನಾಗಿ ಕುಣಿಯುವವಳು ಸುಮ್ಮನೆ ತನ್ನ ಕಾಲನ್ನು ಬೈದುಕೊಂಡಿದ್ದಳು.

ಸೋಫಾದ ಮೇಲಿದ್ದ ಅಂಕಲ್ ತಟ್ಟೆ ಕೆಳಗಿಟ್ಟು ನಕ್ಕರು. ಆಂಟಿ ನಗಲಿಲ್ಲ. ಮೊದಲು ಯೋಜನೆಯವರಿಗೆಲ್ಲ ಬರೆದರು: ಇಷ್ಟು ದಿನ ನಿಮ್ಮೆಲ್ಲರ ತಲೆ ತಿಂದ ತೊಂದರೆ ಕೋಡಿನದಲ್ಲ, ನಾನು ತಂದ ಅಗ್ಗದ ವಯರಿನದು, ಕ್ಷಮಿಸಿ. "ಯಾಕೆ ಹೇಳ್ಕೊಳ್ಬೇಕಿತ್ತು ಆಂಟಿ? ಸರಿಹೋಯ್ತು ಅಂದಿದ್ರೆ ಸಾಕಿತ್ತು," ಎಂದೆ. "ನಾಳೆ ಬೇರೆ ಯಾರಿಗೋ ಹೀಗೇ ಆಗ್ತದೆ. ಅವ್ರೂ ತಮ್ಮ ತಲೆಯನ್ನೇ ಬೈಕೊಳ್ತಾ ಕೂರುದು ಬೇಡ," ಎಂದರು. ಆಮೇಲೆ ನಕ್ಕರು.

ಅಗ್ಗವಾಗಿ ಸಿಗುತ್ತದೆ ಎಂದಿದ್ದ ಆ ಮನುಷ್ಯನೇ ಕೊನೆಗೆ ಅವರ ಕೋಡನ್ನು ಒಳಗೆ ಸೇರಿಸಿದ. ಒಂದೇ ಷರತ್ತು, ಮೇಂಟೇನರ್ ಎಂದು ನಿಮ್ಮ ಹೆಸರು ಹಾಕಬೇಕು. ಹಾಕಿದರು. ಟರ್ಮ್ ಮುಗಿಯುವ ಮೊದಲೇ ಡಬ್ಬಿ ಶಾಲೆಗೆ ಹೋಯಿತು. ಕಂಪ್ಯೂಟರಿನ ಹುಡುಗ ಪರೀಕ್ಷಿಸಿ, ನಂಬಲಾರದೆ ಇನ್ನೊಮ್ಮೆ ಪರೀಕ್ಷಿಸಿ, ಖುಷಿಯಿಂದ ಮಗಳ ಕೈಕುಲುಕಲು ಬಂದ. "ಬೇಡ ಲಾ," ಎಂದಿತು ಡಬ್ಬಿ. ಅವನ ಪರದೆಯ ಮೇಲೂ ಅದೇ ಮೂಡಿತು.

ಅಲ್ಲಿಂದ ಮುಂದೆ ಪ್ರತಿ ಆವೃತ್ತಿಗೂ ಆಂಟಿ ಬೋರ್ಡು ಎಬ್ಬಿಸಿ ನೋಡುತ್ತಿದ್ದರು. ಕ್ಯಾನ್ಸರ್ ಬಂದ ಮೇಲೂ ಬಿಡಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಫೋನು ಮಾಡಿ, ನನ್ನಿಂದ ಕ್ಯಾಮೆರಾ ಪರದೆಯ ಹತ್ತಿರ ಹಿಡಿಸಿ, "ಮೇಲಿನ ಸಾಲು ತೋರ್ಸು, ಹಾಂ, ಇನ್ನೂ ಮೇಲೆ," ಎಂದು ಓದುತ್ತಿದ್ದರು. ವಿಶ್ರಾಂತಿ ತೆಗೆದುಕೊಳ್ಳಿ ಎಂದ ಡಾಕ್ಟರಿಗೆ, "ಆಮೇಲೆ ಬೇಕಾದಷ್ಟು ಉಂಟಲ್ಲ ಡಾಕ್ಟ್ರೇ," ಎಂದರಂತೆ. ಹೋದ ವರ್ಷ ತೀರಿಕೊಂಡರು. ನಾನು ಹನ್ನೊಂದನೇ ಮಹಡಿಗೆ ಹೋಗುವುದನ್ನೇ ನಿಲ್ಲಿಸಿದೆ. ಲಿಫ್ಟು ಅಲ್ಲಿ ನಿಂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಕೆಲವು ತಿಂಗಳ ಮೇಲೆ ಯೋಜನೆಯವರ ಪ್ರಕಟಣೆ ಬಂತು. ಈ ಬೋರ್ಡಿನ ಮೇಂಟೇನರ್ ಉತ್ತರಿಸುತ್ತಿಲ್ಲ, ಯಾರೂ ಮುಂದೆ ಬರದಿದ್ದರೆ ಮುಂದಿನ ಆವೃತ್ತಿಯಿಂದ ತೆಗೆಯಲಾಗುವುದು. ಅವರಿಗೇನು ಗೊತ್ತು ಪಾಪ. ಆದರೂ ಕೋಪ ಉಕ್ಕಿ ಬಂತು. ಅವರು ತೀರಿಕೊಂಡಿದ್ದಾರೆ, ಬೋರ್ಡು ಬದುಕಿದೆ, ನನ್ನ ಹತ್ತಿರ ಇದೆ ಎಂದು ಬರೆದು, ನೆಟ್ಟಗೆ ಕೆಳಗೆ ಹೋಗಿ ಬೆಲ್ ಒತ್ತಿದೆ. ಅಂಕಲ್ ಬಾಗಿಲು ತೆಗೆದರು. ಮೇಜನ್ನು ಅವರು ಮುಟ್ಟಿರಲಿಲ್ಲ. "ಕೂತ್ಕೋ," ಎಂದರು, ಚಹಾ ಇಡಲು ಹೋದರು.

ಹೊಸ ಆವೃತ್ತಿ ಸರಿಯಾಗಿ ಓಡಲಿಲ್ಲ. ಎಲ್ಲೋ ಯಾರೋ ಮಾಡಿದ ಬದಲಾವಣೆಗೆ ನಮ್ಮ ಬೋರ್ಡಿನ ಧ್ವನಿ ಸತ್ತಿತ್ತು. ಅದನ್ನು ಹುಡುಕಿ ಸರಿಮಾಡಲು, ಕಲಿಯುತ್ತಾ, ಬೈಸಿಕೊಳ್ಳುತ್ತಾ, ವಾರಗಟ್ಟಲೆ ಬೇಕಾಯಿತು. ಮೊದಲು ಅನುಮಾನಿಸಿದ್ದು ವಯರನ್ನು. ಕಳಿಸಿದ ಕೋಡು ಒಳಗೆ ಸೇರಿತು. ಹಳೆಯ ಮೇಂಟೇನರ್ ಹೆಸರು ಅಳಿಸಿ ನಿಮ್ಮದನ್ನು ಹಾಕಿ ಎಂದರು. ನಾನು ಅಳಿಸಲಿಲ್ಲ, ಆಂಟಿಯ ಹೆಸರಿನ ಕೆಳಗೆ ನನ್ನದನ್ನು ಸೇರಿಸಿದೆ. ಈ ಬೋರ್ಡನ್ನು ತೆಗೆಯಬೇಕೆಂದು ಯಾರಿಗಾದರೂ ಅನ್ನಿಸಿದರೆ ಇನ್ನು ಮೊದಲು ನನಗೆ ಬರೆಯಬೇಕು. ಬರೆಯಲಿ, ಉತ್ತರ ಕೊಡಲು ನಾನಿದ್ದೇನೆ.